ಮಳೆಮೋಡದ ಹಿಮವೂ ಸಿಡಿಲೂ

ಹಾಸನ ಜಿಲ್ಲೆಗೆ ವರ್ಷದಲ್ಲಿ ಎರಡು ಸ್ವಭಾವದ ಮಳೆ ಬೀಳುತ್ತದೆ. ಜುಲೈ ತಿಂಗಳ ಪುನರ್ವಸು, ಪುಷ್ಯ ಮಳೆಗಳು ಸಕಲೇಶಪುರದ ಘಟ್ಟದ ಅಂಚಿನಲ್ಲಿ ಹಗಲು ರಾತ್ರಿ ಎನ್ನದೆ ಜಡಿ ಹಿಡಿದು ಸುರಿಯುತ್ತವೆ. ಹೇಮಾವತಿ ಕೆಂಪಗೆ ಹರಿದು ಗೊರೂರಿನ ಅಣೆಕಟ್ಟೆಗೆ ನೀರು ಏರುತ್ತದೆ. ಆದರೂ ಆ ದಿನಗಳಲ್ಲಿ ಗುಡುಗು ಕೇಳುವುದು ಅಪರೂಪ. ಏಪ್ರಿಲ್, ಮೇ ತಿಂಗಳ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ರೀತಿಯೇ ಬೇರೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಬಯಲಿನಲ್ಲಿ ಮಧ್ಯಾಹ್ನದವರೆಗೂ ಸುಡುಬಿಸಿಲು. ಸಂಜೆ ನಾಲ್ಕೈದು ಗಂಟೆಯ ಹೊತ್ತಿಗೆ ಮೋಡ ಕಪ್ಪಗೆ ಎದ್ದು ನಿಲ್ಲುತ್ತದೆ, ಗಾಳಿ ಬೀಸುತ್ತದೆ, ಮುಕ್ಕಾಲು ಗಂಟೆಯೊಳಗೆ ಮಳೆ ಮುಗಿದುಹೋಗುತ್ತದೆ. ಅಷ್ಟರಲ್ಲೇ ಒಂದು ತೋಟದಲ್ಲಿ ತೆಂಗಿನ ಸುಳಿ ಸುಟ್ಟಿರುತ್ತದೆ, ಇನ್ನೊಂದೆಡೆ ಮರದ ಕೆಳಗೆ ಒತ್ತೊತ್ತಾಗಿ ನಿಂತ ಕುರಿಗಳು ಸತ್ತು ಬಿದ್ದಿರುತ್ತವೆ. ನೀರಿನ ಲೆಕ್ಕದಲ್ಲಿ ಜುಲೈ ದೊಡ್ಡದು, ಸಿಡಿಲಿನ ಲೆಕ್ಕದಲ್ಲಿ ಏಪ್ರಿಲ್ ಮತ್ತು ಮೇ. ಮಳೆ ಹೆಚ್ಚಾದರೆ ಸಿಡಿಲೂ ಹೆಚ್ಚು ಎಂಬ ಎಣಿಕೆ ಈ ಜಿಲ್ಲೆಯಲ್ಲಿ ನಿಲ್ಲುವುದಿಲ್ಲ. ಎರಡು ಮಳೆಗಳನ್ನು ಬೇರೆ ಮಾಡುವುದು ಮೋಡದೊಳಗಿನ ಹಿಮ.

ಮೋಡಕ್ಕೆ ಮೋಡ ಡಿಕ್ಕಿ ಹೊಡೆದರೆ ಗುಡುಗು ಎಂಬ ಮಾತು ಹಳ್ಳಿಯಲ್ಲೂ ಪೇಟೆಯಲ್ಲೂ ಇನ್ನೂ ಚಾಲ್ತಿಯಲ್ಲಿದೆ. ಗುಡುಗಿದ ಕೂಡಲೇ ಅರ್ಜುನನ ಹತ್ತು ಹೆಸರು ಹೇಳಿಕೊಳ್ಳುವ ಹಿರಿಯರೂ ಇದ್ದಾರೆ. ಡಿಕ್ಕಿಯ ಮಾತಿನಲ್ಲಿ ಒಂದಂಶ ನಿಜವಿದೆ. ಡಿಕ್ಕಿ ನಡೆಯುತ್ತದೆ, ಆದರೆ ಅದು ಮೋಡಕ್ಕೂ ಮೋಡಕ್ಕೂ ಅಲ್ಲ, ಒಂದೇ ಮೋಡದೊಳಗಿನ ಹಿಮದ ಕಣಕ್ಕೂ ಹಿಮದ ಕಣಕ್ಕೂ. ಸಿಡಿಲಿನ ಇಡೀ ವಿಚಾರ ತಿಳಿಯಬೇಕಾದರೆ ಈ ಡಿಕ್ಕಿ ಎಲ್ಲಿ, ಯಾವ ಚಳಿಯಲ್ಲಿ, ಯಾವ ಕಣಗಳ ನಡುವೆ ಆಗುತ್ತದೆ ಎಂಬುದನ್ನು ನೋಡಬೇಕು.

ಹಾಸನದಿಂದ ಅರಸೀಕೆರೆ ಕಡೆಗೆ ಹೋಗುವ ದಾರಿಯಲ್ಲಿ ಸುಮಾರು 10 ಕಿಲೋಮೀಟರ್ ದೂರದಲ್ಲಿ ಕೊರವಂಗಲವಿದೆ. ಇಲ್ಲಿನ ನೆಲ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಈ ಬಯಲಿನ ಮೇಲೆ ಏಪ್ರಿಲ್ ಸಂಜೆ ಎದ್ದ ಮೋಡವೊಂದನ್ನು ಬುಡದಿಂದ ತುದಿಯವರೆಗೆ ಅಳೆದರೆ ಹೀಗಿರುತ್ತದೆ. ಮೋಡದ ಬುಡ ನೆಲದಿಂದ ಒಂದೆರಡು ಕಿಲೋಮೀಟರ್ ಮೇಲೆ. ಸಮುದ್ರಮಟ್ಟದಿಂದ ಸುಮಾರು 5 ಕಿಲೋಮೀಟರ್ ಎತ್ತರ ತಲುಪಿದಾಗ ಉಷ್ಣತೆ ಸೊನ್ನೆ ಡಿಗ್ರಿ. ಆರೂವರೆ ಏಳು ಕಿಲೋಮೀಟರಿನಲ್ಲಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ, ಎಂಟೂವರೆಯಲ್ಲಿ 20 ಡಿಗ್ರಿ ಕೆಳಗೆ, ಹನ್ನೊಂದರ ಹತ್ತಿರ 40 ಡಿಗ್ರಿ ಕೆಳಗೆ. ಮೋಡ ಬಲವಾಗಿದ್ದರೆ ಅಲ್ಲಿಗೂ ನಿಲ್ಲದೆ 15, 16 ಕಿಲೋಮೀಟರಿನವರೆಗೆ ಏರಿ, ಅಲ್ಲಿಂದ ಮುಂದೆ ಏರಲಾಗದೆ ಅಡ್ಡಕ್ಕೆ ಹರಡಿಕೊಳ್ಳುತ್ತದೆ. ಅಂದರೆ ನೆಲದ ಮೇಲೆ 35 ಡಿಗ್ರಿ ಸೆಕೆಯಿರುವ ದಿನವೂ ಮೋಡದ ಮೂರರಲ್ಲಿ ಎರಡಕ್ಕೂ ಹೆಚ್ಚು ಪಾಲು ಹಿಮ ಕಟ್ಟುವ ಚಳಿಯಲ್ಲಿರುತ್ತದೆ.

ಆ ಚಳಿಯಲ್ಲಿ ನೀರೆಲ್ಲ ಕೂಡಲೇ ಹೆಪ್ಪುಗಟ್ಟುವುದಿಲ್ಲ. ಮೋಡದ ಹನಿ ಬಹಳ ಸಣ್ಣದು, ಮಿಲಿಮೀಟರಿನ ನೂರರಲ್ಲೊಂದೆರಡು ಭಾಗ. ಅದು ಹೆಪ್ಪುಗಟ್ಟಬೇಕಾದರೆ ಒಳಗೆ ತಕ್ಕ ದೂಳಿನ ಕಣವೊಂದು ಸಿಗಬೇಕು. ಸಿಗದ ಹನಿಗಳು ಸೊನ್ನೆಗಿಂತ 10, 20, 30 ಡಿಗ್ರಿ ಕೆಳಗೂ ನೀರಾಗಿಯೇ ತೇಲುತ್ತಿರುತ್ತವೆ. ಇಂಥ ನೀರಿಗೆ ಅತಿಶೀತ ನೀರು ಎನ್ನುತ್ತಾರೆ. ಸೊನ್ನೆಗಿಂತ 38 ಡಿಗ್ರಿಯಷ್ಟು ಕೆಳಗೆ ಹೋದ ಮೇಲಷ್ಟೇ ದೂಳಿನ ನೆರವಿಲ್ಲದೆಯೂ ಹನಿಗಳು ತಾವಾಗಿ ಗಟ್ಟಿಯಾಗುತ್ತವೆ. ಹೀಗಾಗಿ ಮೋಡದ ನಡುಭಾಗದಲ್ಲಿ ಮೂರು ಬಗೆಯ ವಸ್ತುಗಳು ಒಟ್ಟಿಗೆ ಸೇರಿರುತ್ತವೆ: ಅತಿಶೀತ ಹನಿಗಳು, ಗಾಳಿಯ ತೇವವನ್ನು ಹೀರಿ ಬೆಳೆದ ಹಗುರಾದ ಹಿಮಹರಳುಗಳು, ಮತ್ತು ಗ್ರಾಪೆಲ್.

ಗ್ರಾಪೆಲ್ ಎಂಬುದು ಸಿಡಿಲಿನ ಕಥೆಯ ಮುಖ್ಯ ಪಾತ್ರ. ನೆಲದ ಮೇಲಿರುವವರಿಗೆ ಅದು ಕಾಣಸಿಗುವುದೇ ಕಡಿಮೆಯಾದ್ದರಿಂದ ಅದಕ್ಕೆ ಊರಮಾತಿನಲ್ಲಿ ಬೇರೆ ಹೆಸರಿಲ್ಲ. ಹಿಮಹರಳೊಂದು ಬೀಳುತ್ತಾ ಅತಿಶೀತ ಹನಿಗಳಿಗೆ ತಾಗಿದಾಗ ಪ್ರತಿ ಹನಿಯೂ ತಾಗಿದ ಜಾಗದಲ್ಲೇ ಥಟ್ಟನೆ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತದೆ. ಸಾವಿರಾರು ಹನಿಗಳು ಹೀಗೆ ಕೂತು, ಹರಳಿನ ಮೂಲ ಆಕಾರ ಮುಚ್ಚಿಹೋಗಿ, ಸಾಬಕ್ಕಿಯ ಗಾತ್ರದ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂಥ ಬಿಳಿ ಕಾಳು ಆಗುತ್ತದೆ. ಒಳಗೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಅಪಾರದರ್ಶಕ. ಹಿಮಹರಳಿಗಿಂತ ಭಾರವಾದ್ದರಿಂದ ಸೆಕೆಂಡಿಗೆ ಎರಡು ಮೂರು ಮೀಟರ್ ವೇಗದಲ್ಲಿ ಕೆಳಗಿಳಿಯಲು ನೋಡುತ್ತದೆ. ಅದೇ ಹೊತ್ತಿಗೆ ಕೆಳಗಿನಿಂದ ನುಗ್ಗುವ ಗಾಳಿ ಹಗುರ ಹರಳುಗಳನ್ನು ಮೇಲಕ್ಕೆ ಒಯ್ಯುತ್ತಿರುತ್ತದೆ. ಒಂದು ಇಳಿಯುವ, ಇನ್ನೊಂದು ಏರುವ ಈ ದಾರಿಯಲ್ಲಿ ಗ್ರಾಪೆಲ್ಲಿಗೆ ಹರಳುಗಳು ತಾಗಿ ಸಿಡಿದು ದೂರವಾಗುತ್ತವೆ. ತಾಗಿದ ಆ ಕ್ಷಣದಲ್ಲಿ ಒಂದರಿಂದ ಇನ್ನೊಂದಕ್ಕೆ ಅತಿ ಅಲ್ಪ ವಿದ್ಯುದಾವೇಶ ದಾಟುತ್ತದೆ.

ಅದು ಎಷ್ಟು ಅಲ್ಪ ಎಂಬುದನ್ನು ಲೆಕ್ಕದಲ್ಲಿ ನೋಡಬಹುದು. ಒಂದು ಡಿಕ್ಕಿಯಲ್ಲಿ ದಾಟುವ ಆವೇಶ ಒಂದು ಕೂಲಂಬನ್ನು (ಆವೇಶದ ಏಕಮಾನ) ನೂರು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನ ಆಸುಪಾಸು. ನೆಲಕ್ಕೆ ಬಡಿಯುವ ಸಾಧಾರಣ ಸಿಡಿಲೊಂದು ಇಳಿಸುವ ಆವೇಶ ಸುಮಾರು 20 ಕೂಲಂಬ್. ಒಂದು ಸಿಡಿಲಿಗೆ ಬೇಕಾದ ಆವೇಶ ಕೂಡಬೇಕಾದರೆ ಎರಡು ಸಾವಿರ ಲಕ್ಷ ಕೋಟಿ ಡಿಕ್ಕಿಗಳು ನಡೆಯಬೇಕು. ಹತ್ತಾರು ಘನ ಕಿಲೋಮೀಟರ್ ಹರವಿನ ಮೋಡದಲ್ಲಿ, ಲೀಟರಿಗೆ ಹಲವಾರು ಹರಳುಗಳಿರುವಲ್ಲಿ, ಇದು ನಿಮಿಷಗಳ ಕೆಲಸ. ಬಲವಾದ ಮೋಡ ಇಂಥ ಸಂಗ್ರಹವನ್ನು ಖಾಲಿ ಮಾಡಿ ಅರ್ಧ ನಿಮಿಷವೂ ಆಗುವ ಮೊದಲು ಮತ್ತೆ ತುಂಬಿಕೊಳ್ಳುತ್ತದೆ.

ಯಾವುದಕ್ಕೆ ಧನ, ಯಾವುದಕ್ಕೆ ಋಣ ಎಂಬುದನ್ನು ಪ್ರಯೋಗಾಲಯದಲ್ಲಿ ಕಂಡುಕೊಂಡರು. 1957ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ರೆನಾಲ್ಡ್ಸ್, ಬ್ರೂಕ್ ಮತ್ತು ಗೌರ್ಲಿ ಎಂಬ ವಿಜ್ಞಾನಿಗಳು ಹಿಮ ಹೊದಿಸಿದ ಗೋಲವೊಂದನ್ನು ಶೀತಲ ಪೆಟ್ಟಿಗೆಯೊಳಗಿನ ಕೃತಕ ಮೋಡದಲ್ಲಿ ಗಿರಗಿರನೆ ತಿರುಗಿಸಿದರು. ಪೆಟ್ಟಿಗೆಯಲ್ಲಿ ಹಿಮಹರಳುಗಳ ಜೊತೆ ಅತಿಶೀತ ಹನಿಗಳೂ ಇದ್ದಾಗ ಗೋಲಕ್ಕೆ ಜೋರಾಗಿ ಆವೇಶ ಕೂಡಿತು. ಎರಡರಲ್ಲಿ ಒಂದು ಇಲ್ಲದಿದ್ದರೂ ಆ ಜೋರು ಬರಲಿಲ್ಲ. ಮೋಡದಲ್ಲಿ ಹಿಮ ಇದ್ದರೆ ಸಾಲದು, ಹಿಮದ ನಡುವೆ ಹೆಪ್ಪುಗಟ್ಟದ ನೀರೂ ಇರಬೇಕು ಎಂಬ ಈ ಫಲಿತಾಂಶ ಮುಂದಿನ ಎಲ್ಲ ಸಂಶೋಧನೆಗೆ ತಳಹದಿಯಾಯಿತು. 1978ರಲ್ಲಿ ಜಪಾನಿನ ತ್ಸುತೊಮು ತಕಹಾಶಿ, 1983ರಲ್ಲಿ ಮ್ಯಾಂಚೆಸ್ಟರಿನಲ್ಲಿ ಜಯರತ್ನೆ, ಹ್ಯಾಲೆಟ್ ಮತ್ತು ಸಾಂಡರ್ಸ್ ಇದನ್ನು ಬೇರೆ ಬೇರೆ ಉಷ್ಣತೆಗಳಲ್ಲಿ ಅಳೆದರು. ಸೊನ್ನೆಗಿಂತ ತುಸುವೇ ಕೆಳಗಿನ ಚಳಿಯಲ್ಲಿ ಗ್ರಾಪೆಲ್ ಧನ ಆವೇಶ ಪಡೆಯುತ್ತದೆ. ಚಳಿ ಹೆಚ್ಚಿ ಸೊನ್ನೆಗಿಂತ 10ರಿಂದ 20 ಡಿಗ್ರಿ ಕೆಳಗಿನ ಒಂದು ಗಡಿ ದಾಟಿದರೆ ಅದಕ್ಕೆ ಋಣ, ಹರಳಿಗೆ ಧನ. ಗಡಿ ಎಲ್ಲಿರುತ್ತದೆ ಎಂಬುದನ್ನು ಆ ಜಾಗದಲ್ಲಿರುವ ಅತಿಶೀತ ನೀರಿನ ಪ್ರಮಾಣ ನಿರ್ಧರಿಸುತ್ತದೆ. ತಾಗಿದ ಎರಡು ಹಿಮಮೇಲ್ಮೈಗಳಲ್ಲಿ ಆವಿಯಿಂದ ಯಾವುದು ಬೇಗ ಬೆಳೆಯುತ್ತಿದೆಯೋ ಅದು ಧನವಾಗುತ್ತದೆ ಎಂಬ ವಿವರಣೆ ಈ ಅಳತೆಗಳ ಬಹುಪಾಲಿಗೆ ಹೊಂದುತ್ತದೆ.

ಮೋಡದಲ್ಲಿ ಇದರ ಪರಿಣಾಮ ಸ್ಪಷ್ಟ. ಧನ ಆವೇಶ ಹೊತ್ತ ಹಗುರ ಹರಳುಗಳು ಗಾಳಿಯೊಡನೆ ತುದಿಗೆ ಹೋಗಿ ಸೇರುತ್ತವೆ. ಋಣ ಆವೇಶ ಹೊತ್ತ ಗ್ರಾಪೆಲ್ ನಡುವೆ, ಸುಮಾರು ಆರೂವರೆಯಿಂದ ಒಂಬತ್ತು ಕಿಲೋಮೀಟರಿನ ನಡುವಣ ಪದರದಲ್ಲಿ ಉಳಿಯುತ್ತದೆ. ಅದಕ್ಕೂ ಕೆಳಗೆ, ಸೊನ್ನೆ ಡಿಗ್ರಿಯ ಮಟ್ಟದ ಹತ್ತಿರ, ಧನ ಆವೇಶದ ಒಂದು ಚಿಕ್ಕ ಮಡಿಲು ಇರುತ್ತದೆ. ಗಡಿಗಿಂತ ಕೆಳಗಿಳಿದ ಗ್ರಾಪೆಲ್ ಅದನ್ನು ಉಂಟುಮಾಡುತ್ತದೆ.

ಈ ಮೂರು ಪದರದ ಚಿತ್ರ ಒಂದೇ ಸಲಕ್ಕೆ ಸಿಕ್ಕಿದ್ದಲ್ಲ, ಮತ್ತು ಅದರ ಆರಂಭದ ಒಂದು ಅಧ್ಯಾಯ ಭಾರತದಲ್ಲಿ ನಡೆದದ್ದು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಆಲಿಕಲ್ಲಿಗೂ ವಿದ್ಯುತ್ತಿಗೂ ಸಂಬಂಧ ಕಲ್ಪಿಸಿದ್ದ; ಆದರೆ ತಿರುವುಮುರುವಾಗಿ. ವಿದ್ಯುತ್ ತುಂಬಿದ ಎರಡು ಮೋಡಗಳ ನಡುವೆ ಹಿಮದ ಕಾಳುಗಳು ಮೇಲೆ ಕೆಳಗೆ ಕುಣಿದು ಆಲಿಕಲ್ಲಾಗಿ ಬೆಳೆಯುತ್ತವೆ ಎಂದು ಅವನು ತಿಳಿದಿದ್ದ. ಅದನ್ನು ನಂಬಿ ಯುರೋಪಿನ ರೈತರು ಮೋಡದ ವಿದ್ಯುತ್ ಇಳಿಸಿದರೆ ಆಲಿಕಲ್ಲು ನಿಲ್ಲುತ್ತದೆಂದು ದ್ರಾಕ್ಷಿ ತೋಟಗಳಲ್ಲಿ ಉದ್ದುದ್ದ ಗಳು ನೆಟ್ಟರು. ಆಲಿಕಲ್ಲು ನಿಲ್ಲಲಿಲ್ಲ. ವಿದ್ಯುತ್ತಿನಿಂದ ಹಿಮವಲ್ಲ, ಹಿಮದಿಂದ ವಿದ್ಯುತ್ತು ಎಂದು ತಿಳಿಯಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. 1906ರಲ್ಲಿ ಭಾರತೀಯ ಹವಾಮಾನ ಇಲಾಖೆಗೆ ಬಂದ ಜಾರ್ಜ್ ಸಿಂಪ್ಸನ್ ಸಿಮ್ಲಾದಲ್ಲಿ ಮಳೆಗಾಲ ಪೂರ್ತಿ ಗುಡುಗುಮಳೆಯ ನೀರನ್ನು ಪಾತ್ರೆಯಲ್ಲಿ ಹಿಡಿದು ಅದರ ಆವೇಶ ಅಳೆದರು. ನೆಲಕ್ಕೆ ಬಂದ ಮಳೆಯಲ್ಲಿ ಧನ ಆವೇಶವೇ ಹೆಚ್ಚಿತ್ತು. ದೊಡ್ಡ ಹನಿಗಳು ಒಡೆಯುವುದರಿಂದ ಮೋಡಕ್ಕೆ ವಿದ್ಯುತ್ ಬರುತ್ತದೆ, ಮೋಡದ ಕೆಳಭಾಗ ಧನ ಎಂದು 1909ರಲ್ಲಿ ಅವರು ಪ್ರಕಟಿಸಿದರು. ಕೇಂಬ್ರಿಜ್‌ನ ಸಿ.ಟಿ.ಆರ್. ವಿಲ್ಸನ್ ದೂರದಿಂದ ವಿದ್ಯುತ್ ಕ್ಷೇತ್ರ ಅಳೆದು ಇದಕ್ಕೆ ವಿರುದ್ಧವಾಗಿ ಮೇಲೆ ಧನ, ಕೆಳಗೆ ಋಣ ಎಂದರು. ಸುಮಾರು ಇಪ್ಪತ್ತು ವರ್ಷ ನಡೆದ ಈ ವಾದವನ್ನು ಕೊನೆಗೆ ಮುಗಿಸಿದವರು ಸಿಂಪ್ಸನ್ನರೇ. ಲಂಡನ್ ಬಳಿಯ ಕ್ಯೂ ವೀಕ್ಷಣಾಲಯದಿಂದ ಸ್ಕ್ರೇಸ್ ಎಂಬ ವಿಜ್ಞಾನಿಯ ಜೊತೆಗೂಡಿ ಗುಡುಗುಮೋಡಗಳೊಳಕ್ಕೆ ಬಲೂನುಗಳಲ್ಲಿ ಉಪಕರಣ ಬಿಟ್ಟು, 1937ರಲ್ಲಿ ಅವರು ಫಲಿತಾಂಶ ಕೊಟ್ಟರು: ಮೇಲೆ ಧನ, ನಡುವೆ ಋಣ, ತೀರಾ ಕೆಳಗೆ ಚಿಕ್ಕದೊಂದು ಧನ. ಮುಖ್ಯ ಆವೇಶಗಳಿದ್ದ ಜಾಗ ಸೊನ್ನೆ ಡಿಗ್ರಿಯ ಮಟ್ಟಕ್ಕಿಂತ ಎತ್ತರದಲ್ಲಿ, ಹಿಮದ ನೆಲೆಯಲ್ಲಿ. ಸಿಮ್ಲಾದ ಪಾತ್ರೆಗೆ ಬಿದ್ದದ್ದು ಆ ಕೆಳಗಿನ ಮಡಿಲಿನ ಮಳೆ. ತಮ್ಮ ಹಳೆಯ ಸಿದ್ಧಾಂತದ ಬಹುಭಾಗವನ್ನು ತಮ್ಮದೇ ಅಳತೆಯಿಂದ ತಿದ್ದಿಕೊಂಡ ಸಿಂಪ್ಸನ್ನರ ಈ ಕೆಲಸ ವಿಜ್ಞಾನದ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಗೌರವಕ್ಕೆ ಅರ್ಹವಾದದ್ದು.

ಇನ್ನು ಆಲಿಕಲ್ಲು. ಆಲಿಕಲ್ಲು ಶುರುವಾಗುವುದು ಬಹುಮಟ್ಟಿಗೆ ಗ್ರಾಪೆಲ್ಲಿನ ಕಾಳಾಗಿಯೇ. ಮೇಲಕ್ಕೆ ನುಗ್ಗುವ ಗಾಳಿ ಬಲವಾಗಿದ್ದು, ಅತಿಶೀತ ನೀರು ಹೇರಳವಾಗಿದ್ದರೆ ಕಾಳು ಕೆಳಗೆ ಬೀಳದೆ ಅಲ್ಲೇ ತೇಲಾಡಿ ಬೆಳೆಯುತ್ತದೆ. ವ್ಯಾಸ 5 ಮಿಲಿಮೀಟರ್ ದಾಟಿದ ಮೇಲೆ ಅದನ್ನು ಆಲಿಕಲ್ಲು ಎಂದು ಎಣಿಸುತ್ತಾರೆ. ಅಂಗಳದಲ್ಲಿ ಬಿದ್ದ ದೊಡ್ಡ ಆಲಿಕಲ್ಲೊಂದನ್ನು ಚಾಕುವಿನಿಂದ ನಡುವೆ ಸೀಳಿ ಬೆಳಕಿಗೆ ಹಿಡಿದರೆ ಅದರ ಹುಟ್ಟಿನ ವಿವರವೆಲ್ಲ ಕಣ್ಣಿಗೆ ಬೀಳುತ್ತದೆ. ನಡುವೆ ಬಿಳಿಯ ಚುಕ್ಕೆ, ಅದು ಮೊದಲಿನ ಗ್ರಾಪೆಲ್. ಅದರ ಸುತ್ತ ಗಾಜಿನಷ್ಟು ತಿಳಿಯಾದ ಒಂದು ಉಂಗುರ, ಮತ್ತೆ ಹಾಲುಬಿಳುಪಿನ ಒಂದು ಉಂಗುರ. ನೀರು ಕಡಿಮೆಯಿರುವ ಕಡು ಚಳಿಯಲ್ಲಿ ಹನಿಗಳು ತಾಗಿದ ಕೂಡಲೇ ಹೆಪ್ಪುಗಟ್ಟುತ್ತವೆ, ನಡುವೆ ಗಾಳಿಗುಳ್ಳೆ ಸಿಕ್ಕಿ ಪದರ ಬಿಳಿಯಾಗುತ್ತದೆ. ನೀರು ಬಹಳವಿದ್ದಲ್ಲಿ ಹೆಪ್ಪುಗಟ್ಟುವಾಗ ಹೊರಬೀಳುವ ಶಾಖ ಬೇಗ ಆರದೆ ಕಲ್ಲಿನ ಮೈಮೇಲೆ ನೀರಿನ ಪೊರೆ ನಿಲ್ಲುತ್ತದೆ, ಗುಳ್ಳೆಗಳು ತಪ್ಪಿಸಿಕೊಂಡು ಹೋಗುತ್ತವೆ, ಪದರ ತಿಳಿಯಾಗುತ್ತದೆ.

ತಿಳಿ ಪದರದಲ್ಲಿ ಸಿಡಿಲಿಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಮೈ ಒದ್ದೆಯಾದ ಆಲಿಕಲ್ಲಿಗೆ ಹಿಮಹರಳು ತಾಗಿದರೆ ಸಿಡಿದು ಹೋಗದೆ ಅಂಟಿಕೊಳ್ಳುತ್ತದೆ. ತಾಗಿ ಬೇರೆಯಾದರೆ ತಾನೇ ಆವೇಶ ಬೇರ್ಪಡುವುದು? ಆದ್ದರಿಂದ ದೊಡ್ಡ ಆಲಿಕಲ್ಲುಗಳೇ ಸಿಡಿಲನ್ನು ಹುಟ್ಟಿಸುತ್ತವೆ ಎನ್ನುವುದು ಸರಿಯಲ್ಲ. ಮೋಡದಲ್ಲಿ ಆವೇಶ ತಯಾರಿಸುವ ದುಡಿಮೆಯೆಲ್ಲ ಒಣಮೈಯ ಚಿಕ್ಕ ಗ್ರಾಪೆಲ್ಲಿನದು. ಆಲಿಕಲ್ಲು ಅದರ ದಾಯಾದಿ. ಒಂದೇ ಬಲವಾದ ಮೇಲ್ಗಾಳಿ, ಒಂದೇ ಅತಿಶೀತ ನೀರಿನ ಸಂಗ್ರಹ ಎರಡಕ್ಕೂ ಬೇಕಾದ್ದರಿಂದ ಅವು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಆಲಿಕಲ್ಲು ಬಿದ್ದ ಮಳೆಯಲ್ಲಿ ಸಿಡಿಲು ಇದ್ದೇ ಇರುತ್ತದೆ ಎನ್ನಬಹುದು. ಸಿಡಿಲು ಬಡಿದ ಮಳೆಗಳಲ್ಲಿ ಬಹಳಷ್ಟರಲ್ಲಿ ಒಂದು ಆಲಿಕಲ್ಲೂ ನೆಲ ಮುಟ್ಟಿರುವುದಿಲ್ಲ.

ನೆಲ ಮುಟ್ಟದಿರಲು ಕಾರಣ ದಾರಿಯಲ್ಲಿ ಕರಗುವುದು. ಗ್ರಾಪೆಲ್ ನಿಧಾನವಾಗಿ ಇಳಿಯುವುದರಿಂದ ಸೊನ್ನೆ ಡಿಗ್ರಿಯ ಮಟ್ಟ ದಾಟಿದ ಸ್ವಲ್ಪದರಲ್ಲೇ ಪೂರ್ತಿ ನೀರಾಗುತ್ತದೆ. ಭರಣಿ ಮಳೆಯ ಆರಂಭದಲ್ಲಿ ದೂಳಿನ ಮೇಲೆ ಟಪಟಪನೆ ಬಿದ್ದು ಅಗಲ ಗುರುತು ಮಾಡುವ ದಪ್ಪ ಹನಿಗಳಲ್ಲಿ ಹೆಚ್ಚಿನವು ಕೆಲವೇ ನಿಮಿಷ ಮೊದಲು ಹಿಮವಾಗಿದ್ದವು. ಎರಡು ಸೆಂಟಿಮೀಟರ್ ದಪ್ಪದ ಆಲಿಕಲ್ಲು ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಬೀಳುವುದರಿಂದ ಸೊನ್ನೆ ಮಟ್ಟದಿಂದ ಹಾಸನದ ನೆಲಕ್ಕೆ ಮೂರು ನಾಲ್ಕು ನಿಮಿಷದಲ್ಲಿ ಬಂದುಬಿಡುತ್ತದೆ. ನೆಲವೇ ಎತ್ತರದಲ್ಲಿರುವುದರಿಂದ ಕರಾವಳಿಗಿಂತ ಇಲ್ಲಿ ಕರಗುವ ದಾರಿ ಸುಮಾರು ಒಂದು ಕಿಲೋಮೀಟರ್ ಕಡಿಮೆ. ಬೇಸಿಗೆಯ ಒಣಗಾಳಿಯಲ್ಲಿ ಕಲ್ಲಿನ ಮೈಯಿಂದ ನೀರು ಆರಿಹೋಗುತ್ತಾ ಅದನ್ನು ತಣ್ಣಗಿಡುವುದರಿಂದಲೂ ಕರಗುವುದು ತಡವಾಗುತ್ತದೆ. ಮೈದಾನದ ತಾಲ್ಲೂಕುಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲೇ ಆಲಿಕಲ್ಲಿನ ಭಯ ಇರುವುದಕ್ಕೆ ಇವು ಕಾರಣ. ಬಾಳೆ ಎಲೆ ಸೀಳಿಹೋಗುವುದು, ತರಕಾರಿ ಬಳ್ಳಿ ನೆಲಕಚ್ಚುವುದು, ಅರಕಲಗೂಡು ಕಡೆಯ ಹೊಗೆಸೊಪ್ಪಿನ ಸಸಿಮಡಿ ಹಾಳಾಗುವುದು ಹತ್ತು ನಿಮಿಷದಲ್ಲಿ ಮುಗಿಯುವ ನಷ್ಟ. ಉತ್ತರ ಭಾರತದಲ್ಲಿ ಆಲಿಕಲ್ಲು ಇದಕ್ಕಿಂತ ಘೋರ. 1888ರ ಏಪ್ರಿಲ್ 30ರಂದು ಮೊರಾದಾಬಾದ್ ಬಳಿ ಬಿದ್ದ ಆಲಿಕಲ್ಲು ಮಳೆಗೆ 246 ಜನ ಸತ್ತರು. ಆಲಿಕಲ್ಲಿನಿಂದಾದ ಸಾವುಗಳಲ್ಲಿ ಅದೇ ಅತಿ ದೊಡ್ಡದೆಂದು ವಿಶ್ವ ಹವಾಮಾನ ಸಂಸ್ಥೆಯ ದಾಖಲೆ.

ಹಿಮದ ಡಿಕ್ಕಿಯಿಂದ ಆವೇಶ ಬೇರ್ಪಡುತ್ತಾ ಹೋದಂತೆ ಮೋಡದೊಳಗಿನ ವಿದ್ಯುತ್ ಒತ್ತಡ ಏರುತ್ತದೆ. ಅದು ಎಷ್ಟರ ಮಟ್ಟಿಗೆ ಏರಬಲ್ಲುದು ಎಂಬುದಕ್ಕೆ ಕರ್ನಾಟಕದ ನೆರೆಯ ನೀಲಗಿರಿಯಿಂದಲೇ ಒಂದು ಅಳತೆ ಸಿಕ್ಕಿದೆ. ಊಟಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಶ್ವಕಿರಣ ಪ್ರಯೋಗಾಲಯವಿದೆ. ಆಕಾಶದಿಂದ ಸುರಿಯುವ ಮ್ಯೂಆನ್ ಕಣಗಳನ್ನು ಎಣಿಸುವ ಗ್ರೇಪ್ಸ್-3 ಎಂಬ ಉಪಕರಣ ಅಲ್ಲಿನದು. 2014ರ ಡಿಸೆಂಬರ್ 1ರಂದು ಗುಡುಗುಮೋಡವೊಂದು ಅದರ ಮೇಲೆ ಹಾದುಹೋದಾಗ ಮ್ಯೂಆನ್‌ಗಳ ಸಂಖ್ಯೆ ಕುಗ್ಗಿತು. ಎಷ್ಟು ಕುಗ್ಗಿತು ಎಂಬುದರಿಂದ ಮೋಡದ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಇದ್ದ ವಿದ್ಯುದ್ವಿಭವ ಸುಮಾರು 130 ಕೋಟಿ ವೋಲ್ಟ್ ಎಂದು ಲೆಕ್ಕ ಬಂತು. 2019ರಲ್ಲಿ ಪ್ರಕಟವಾದ ಈ ಫಲಿತಾಂಶ, ಮೋಡಗಳಲ್ಲಿ ಶತಕೋಟಿ ವೋಲ್ಟ್ ಇರಬಹುದು ಎಂದು ವಿಲ್ಸನ್ ಬಹಳ ಹಿಂದೆ ಮಾಡಿದ್ದ ಊಹೆಗೆ ಅಳತೆಯ ಆಧಾರ ಕೊಟ್ಟಿತು.

ಒಣಗಾಳಿ ವಿದ್ಯುತ್ತಿಗೆ ದಾರಿ ಬಿಡಬೇಕಾದರೆ ನೆಲಮಟ್ಟದಲ್ಲಿ ಮೀಟರಿಗೆ 30 ಲಕ್ಷ ವೋಲ್ಟ್ ಬೇಕು. ಮೋಡದೊಳಗೆ ಬಲೂನುಗಳು ಕಂಡ ಕ್ಷೇತ್ರ ಒಂದೆರಡು ಲಕ್ಷ, ಹೆಚ್ಚೆಂದರೆ ನಾಲ್ಕು ಲಕ್ಷ. ಕೊರತೆಯಿದ್ದೂ ಕಿಡಿ ಹೊತ್ತುವುದು ಹೇಗೆ ಎಂಬುದು ಈ ವಿಜ್ಞಾನದ ಅತಿ ಬಿಗಿಯಾದ ಗಂಟು. ಇಲ್ಲಿಯೂ ಹಿಮಕ್ಕೆ ಪಾತ್ರವಿದೆ ಎಂದು ಅನೇಕರು ಭಾವಿಸುತ್ತಾರೆ: ಹಿಮಕಣಗಳ ಮೊನಚಾದ ತುದಿಯಲ್ಲಿ, ಒದ್ದೆ ಆಲಿಯ ಅಂಚಿನಲ್ಲಿ ಕ್ಷೇತ್ರ ಸ್ಥಳೀಯವಾಗಿ ಹಲವು ಪಟ್ಟು ಹೆಚ್ಚಿ ಅಲ್ಲಿಂದ ಮೊದಲ ಕಿಡಿ ಹೊರಡುತ್ತದೆ. ವಿಶ್ವಕಿರಣಗಳಿಂದ ಹೊರಟ ವೇಗದ ಎಲೆಕ್ಟ್ರಾನುಗಳು ನೆರವಾಗುತ್ತವೆ ಎಂಬುದು ಇನ್ನೊಂದು ವಾದ. ಕಿಡಿ ಹೊತ್ತಿದ ಮೇಲಿನ ನಡೆ ಚೆನ್ನಾಗಿ ತಿಳಿದಿದೆ. ನಾಲ್ಕರಲ್ಲಿ ಸುಮಾರು ಮೂರು ಪಾಲು ಮಿಂಚುಗಳು ಮೇಲಿನ ಧನಕ್ಕೂ ನಡುವಿನ ಋಣಕ್ಕೂ ಮಧ್ಯೆ ಮೋಡದೊಳಗೇ ಹರಿದು ಮುಗಿಯುತ್ತವೆ. ಉಳಿದವು ನೆಲಕ್ಕೆ ಬರುತ್ತವೆ. ಋಣ ಪದರದಿಂದ ಹೊರಟ ಕವಲು ಸುಮಾರು 50 ಮೀಟರಿನ ಜಿಗಿತಗಳಲ್ಲಿ ಕೆಳಗಿಳಿದು, ನೆಲದಿಂದ, ಮರದಿಂದ, ಕಟ್ಟಡದಿಂದ ಮೇಲೆದ್ದ ಕಿಡಿಯನ್ನು ಕೂಡುತ್ತದೆ. ಕೂಡಿದೊಡನೆ ಸುಮಾರು 30,000 ಆಂಪಿಯರ್ ವಿದ್ಯುತ್ ಹರಿದು, ಕೆಲವೇ ಸೆಂಟಿಮೀಟರ್ ದಪ್ಪದ ಆ ದಾರಿ 30,000 ಡಿಗ್ರಿಯವರೆಗೆ ಕಾಯುತ್ತದೆ. ಗಾಳಿ ಥಟ್ಟನೆ ಹಿಗ್ಗಿದ ಸದ್ದೇ ಗುಡುಗು. ನೆಲಕ್ಕೆ ಇಳಿದ ವಿದ್ಯುತ್ ಸುತ್ತ ಹರಡುವಾಗ ಹೆಜ್ಜೆ ಹೆಜ್ಜೆಗೂ ಒತ್ತಡ ಬೇರೆಯಿರುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಅಂತರವಿರುವ ದನ, ಕುರಿಗಳ ಎದೆಯ ಮೂಲಕವೇ ಅದು ಹಾದುಹೋಗುತ್ತದೆ. ಒಂದೇ ಸಿಡಿಲಿಗೆ ಮಂದೆಯೇ ಉರುಳುವುದು ಇದರಿಂದ.

ಈಗ ಜುಲೈ ಮಳೆ ಏಕೆ ಸದ್ದಿಲ್ಲದೆ ಸುರಿಯುತ್ತದೆ ಎಂಬುದನ್ನು ನೋಡಬಹುದು. ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ನೇರ ಬಂದದ್ದು, ತೇವ ತುಂಬಿದ್ದು, ದೂಳು ಕಡಿಮೆಯಿರುವುದು. ಹನಿ ಕಟ್ಟಲು ಬೇಕಾದ ಕಣಗಳು ವಿರಳವಾದ್ದರಿಂದ ಹನಿಗಳು ಎಣಿಕೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ದೊಡ್ಡ ಹನಿಗಳು ಒಂದಕ್ಕೊಂದು ಕೂಡಿ ಸೊನ್ನೆ ಡಿಗ್ರಿಯ ಮಟ್ಟ ತಲುಪುವ ಮೊದಲೇ ಮಳೆಯಾಗಿ ಬಿದ್ದುಬಿಡುತ್ತವೆ. ಗಾಳಿ ಮೇಲೇರುವುದೂ ಘಟ್ಟದ ಇಳಿಜಾರು ತಳ್ಳಿದಷ್ಟೇ, ನೆಲದ ಕಾವಿನಿಂದ ಸಿಡಿದೆದ್ದದ್ದಲ್ಲ. ಮೋಡದಲ್ಲಿ ಸಿಡಿಲು ಹುಟ್ಟಬೇಕಾದರೆ ಮೇಲ್ಗಾಳಿಯ ವೇಗ ಸೆಕೆಂಡಿಗೆ ಆರೇಳು ಮೀಟರಾದರೂ ಇರಬೇಕೆಂದು ಉಷ್ಣವಲಯದ ಮೋಡಗಳ ಅಧ್ಯಯನಗಳು ಹೇಳುತ್ತವೆ. ಮುಂಗಾರಿನ ಮೋಡಗಳಲ್ಲಿ ಅಷ್ಟು ವೇಗ ಸಾಮಾನ್ಯವಾಗಿ ಇರುವುದಿಲ್ಲ. ನೀರು ಮೇಲಿನ ಚಳಿಗೆ ಮುಟ್ಟದಿದ್ದರೆ ಗ್ರಾಪೆಲ್ ಇಲ್ಲ, ಗ್ರಾಪೆಲ್ ಇಲ್ಲದಿದ್ದರೆ ಆವೇಶವಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲವೂ ಇದಕ್ಕೆ ಎದುರು. ವಿದರ್ಭ, ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೂಲಕ ದಕ್ಷಿಣಕ್ಕೆ ಚಾಚಿದ ತಗ್ಗು ಒತ್ತಡದ ಪಟ್ಟಿಯೊಂದನ್ನು ಹವಾಮಾನ ಇಲಾಖೆ ಆ ದಿನಗಳ ಪ್ರಕಟಣೆಗಳಲ್ಲಿ ಮತ್ತೆ ಮತ್ತೆ ಹೆಸರಿಸುತ್ತದೆ. ಕಡಲ ಕಡೆಯ ತೇವದ ಗಾಳಿಯೂ ಒಳನಾಡಿನ ಒಣಗಾಳಿಯೂ ಅದರ ಗುಂಟ ಎದುರುಬದುರಾಗುತ್ತವೆ. ಕಾದ ನೆಲದಿಂದ ಗಾಳಿ ಸೆಕೆಂಡಿಗೆ ಹತ್ತಿಪ್ಪತ್ತು ಮೀಟರ್ ವೇಗದಲ್ಲಿ ಏರುತ್ತದೆ. ಗಾಳಿಯಲ್ಲಿ ದೂಳು, ಹೊಗೆ ಹೆಚ್ಚಿರುವುದರಿಂದ ಹನಿಗಳು ಅಸಂಖ್ಯ ಮತ್ತು ತೀರಾ ಸಣ್ಣವು. ಅವು ಕೂಡಿ ಮಳೆಯಾಗುವುದು ತಡ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2009ರಿಂದ ವಿಮಾನಗಳನ್ನು ಮೋಡಗಳೊಳಕ್ಕೆ ಕಳಿಸಿ ಮಾಡಿದ ಅಳತೆಗಳಲ್ಲಿ, ಹನಿಗಳ ಸಂಖ್ಯೆ ಹೆಚ್ಚಿದಷ್ಟೂ ಮಳೆಹನಿ ಕಟ್ಟಲು ಮೋಡ ಹೆಚ್ಚು ಎತ್ತರ ಬೆಳೆಯಬೇಕಾಗುತ್ತದೆ ಎಂಬುದು ಕಂಡುಬಂತು. ಕೆಳಗೆ ಬೀಳದೆ ಉಳಿದ ಆ ನೀರೆಲ್ಲ ಮೇಲಿನ ಚಳಿಗೆ ಹೋಗಿ ಅತಿಶೀತ ಹನಿಗಳಾಗಿ ಗ್ರಾಪೆಲ್ಲಿಗೆ ಮೇವಾಗುತ್ತದೆ. ದಕ್ಷಿಣ ಒಳನಾಡಿನಲ್ಲಿ ಸಿಡಿಲಿನ ಮೊದಲ ಏರು ಮುಂಗಾರಿಗೆ ಮುಂಚೆ ಬರುವುದೂ, ಮುಂಗಾರು ಹಿಂದೆ ಸರಿಯುವ ಸೆಪ್ಟೆಂಬರ್, ಅಕ್ಟೋಬರಿನ ಹಸ್ತ, ಚಿತ್ತಾ ಮಳೆಗಳಲ್ಲಿ ಎರಡನೆಯ ಚಿಕ್ಕ ಏರು ಬರುವುದೂ ಹೀಗೆ. ಮಳೆಗಳನ್ನು ನಕ್ಷತ್ರದ ಹೆಸರಿನಿಂದ ಬೇರೆ ಬೇರೆಯಾಗಿ ಗುರುತಿಟ್ಟ ಒಕ್ಕಲುತನದ ಲೆಕ್ಕ ಮೋಡದ ಒಳಗನ್ನು ಕಾಣದೆಯೂ ಈ ಅಂತರವನ್ನು ಹಿಡಿದಿತ್ತು. ಆ ತಿಳಿವಳಿಕೆ ಮೆಚ್ಚತಕ್ಕದ್ದು.

ಹಿಮಕ್ಕೂ ಸಿಡಿಲಿಗೂ ಇರುವ ನಂಟು ಒಂದೂರಿನ ಮಾತಲ್ಲ ಎಂಬುದನ್ನು ಉಪಗ್ರಹಗಳು ತೋರಿಸಿಕೊಟ್ಟವು. 1997ರಿಂದ 2015ರವರೆಗೆ ಉಷ್ಣವಲಯದ ಮೇಲೆ ಸುತ್ತಿದ ಟಿಆರ್‌ಎಂಎಂ ಉಪಗ್ರಹದಲ್ಲಿ ಮಳೆ ಅಳೆಯುವ ರಾಡಾರೂ ಮಿಂಚು ಎಣಿಸುವ ಕ್ಯಾಮೆರಾವೂ ಜೊತೆಯಲ್ಲಿದ್ದವು. ಮೋಡದಲ್ಲಿರುವ ಹಿಮದ ಒಟ್ಟು ತೂಕ ಹೆಚ್ಚಿದಂತೆ ಮಿಂಚಿನ ಸಂಖ್ಯೆಯೂ ಹೆಚ್ಚುತ್ತದೆ, ಈ ಸಂಬಂಧ ನೆಲದ ಮೇಲೂ ಕಡಲ ಮೇಲೂ ಬಹುಮಟ್ಟಿಗೆ ಒಂದೇ ಎಂದು ಅದರ ದಾಖಲೆಗಳಿಂದ ತಿಳಿಯಿತು. ಬಿದ್ದ ಮಳೆಗೂ ಮಿಂಚಿಗೂ ಅಂಥ ಸ್ಥಿರ ಸಂಬಂಧ ಕಾಣಲಿಲ್ಲ. ಇಡೀ ಭೂಮಿಯ ಮೇಲೆ ಸೆಕೆಂಡಿಗೆ ಸರಾಸರಿ 45ರಷ್ಟು ಮಿಂಚುಗಳು ಹೊಳೆಯುತ್ತವೆ ಎಂಬ ಎಣಿಕೆಯೂ ಉಪಗ್ರಹಗಳ ಕೊಡುಗೆಯೇ. ಹಾಸನಕ್ಕೆ ಈ ಕೆಲಸದಲ್ಲಿ ನೇರ ಪಾಲಿದೆ. 1982ರಲ್ಲಿ ಇಲ್ಲಿ ಆರಂಭವಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇನ್ಸಾಟ್ ಸರಣಿಯ ಉಪಗ್ರಹಗಳನ್ನು ಕಕ್ಷೆಯಲ್ಲಿ ನೋಡಿಕೊಳ್ಳುತ್ತದೆ. 2016ರ ಇನ್ಸಾಟ್-3ಡಿಆರ್, 2024ರ ಇನ್ಸಾಟ್-3ಡಿಎಸ್ ಮೋಡದ ತುದಿಯ ಉಷ್ಣತೆಯನ್ನು ಹಗಲಿರುಳೂ ಅಳೆಯುತ್ತವೆ. ಅರ್ಧ ಗಂಟೆಯಲ್ಲಿ ತುದಿ ವೇಗವಾಗಿ ತಣ್ಣಗಾಗುತ್ತಾ ಹೋದರೆ ಮೋಡ ಹಿಮದ ನೆಲೆಗೆ ಏರುತ್ತಿದೆ ಎಂದು ಮುನ್ಸೂಚಕರಿಗೆ ತಿಳಿಯುತ್ತದೆ.

ಮೊದಲ ಮಿಂಚಿಗೆ ಮುನ್ನ ಸಿಗುವ ಇನ್ನೊಂದು ಸುಳಿವು ರಾಡಾರಿನದು. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಮಟ್ಟದಲ್ಲಿ ಬಲವಾದ ಪ್ರತಿಧ್ವನಿ ಕಂಡರೆ ಅಲ್ಲಿ ಗ್ರಾಪೆಲ್ ಕೂಡಿದೆ ಎಂದರ್ಥ. ಹತ್ತು ನಿಮಿಷದ ಆಸುಪಾಸಿನಲ್ಲಿ ಸಿಡಿಲು ಶುರುವಾಗುವ ಸಂಭವ ಹೆಚ್ಚು. ಮಿಂಚು ಶುರುವಾದ ಮೇಲೆ ಅದರ ಸಂಖ್ಯೆಯೇ ಆಲಿಕಲ್ಲಿನ ಸೂಚನೆಯಾಗುತ್ತದೆ. ಮೇಲ್ಗಾಳಿ ಏಕಾಏಕಿ ಬಲಗೊಂಡಾಗ ಮಿಂಚು ನಿಮಿಷ ನಿಮಿಷಕ್ಕೂ ಏರುತ್ತದೆ. ಅದೇ ಗಾಳಿ ಹಿಡಿದಿಟ್ಟು ಬೆಳೆಸಿದ ಆಲಿಕಲ್ಲು ನೆಲಕ್ಕೆ ಬರುವುದು ಹತ್ತಿಪ್ಪತ್ತು ನಿಮಿಷದ ನಂತರ. ನೆಲಕ್ಕೆ ಬಡಿಯುವ ಸಿಡಿಲಿನ ಜೊತೆ ಮೋಡದೊಳಗಿನ ಮಿಂಚನ್ನೂ ಎಣಿಸುವ ಜಾಲ ಬೇಕಾಗುವುದು ಇದಕ್ಕಾಗಿ. ಪುಣೆಯ ಸಂಸ್ಥೆ ದೇಶದಾದ್ಯಂತ ನಿಲ್ಲಿಸಿದ ಸಂವೇದಕಗಳ ಆಧಾರದ ಮೇಲೆ ‘ದಾಮಿನಿ’ ಆ್ಯಪ್ ನಡೆಯುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಕನ್ನಡದ ಹೆಸರಿನಲ್ಲೇ ಇದೆ. ಭಾರತದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವವರು, ದನ ಕುರಿ ಮೇಯಿಸುವವರು. ಎಚ್ಚರಿಕೆ ತೀರಾ ಅಗತ್ಯವಿರುವುದು ಇವರಿಗೇ; ಆ ಹತ್ತು ನಿಮಿಷ ಮುಂಚಿತದ ಸುದ್ದಿ ಹೊಲದ ಬದುವಿನವರೆಗೆ ತಲುಪುವ ಏರ್ಪಾಡು ಪ್ರತಿ ಊರಿನಲ್ಲೂ ಆಗಬೇಕು.

ಆ್ಯಪ್ ಇಲ್ಲದವರಿಗೂ ಲೆಕ್ಕ ಸಿಗುತ್ತದೆ. ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಹೋಗುತ್ತದೆ. ಮಿಂಚು ಕಂಡ 30 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರ್ ಆಚೆ, ಅಂದರೆ ಕೊರವಂಗಲದಲ್ಲಿ ನಿಂತವರಿಗೆ ಹಾಸನದ ಮೇಲೆ. ಮುಂದಿನ ಸಿಡಿಲು ಅಷ್ಟು ದೂರ ದಾಟಿ ಬರಬಲ್ಲುದಾದ್ದರಿಂದ ಅಂತರ 30 ಸೆಕೆಂಡಿಗಿಂತ ಕಡಿಮೆಯಾದಾಗಲೇ ಬಯಲು, ಒಂಟಿಮರ, ಕೆರೆ ಏರಿ ಬಿಟ್ಟು ಗಟ್ಟಿ ಮನೆಯೊಳಗೆ ಅಥವಾ ಮುಚ್ಚಿದ ವಾಹನದೊಳಗೆ ಸೇರಬೇಕು.

ಮಳೆ ನಿಲ್ಲುವ ಹೊತ್ತಿನಲ್ಲೂ ಹಿಮದ ಕೆಲಸ ಮುಗಿದಿರುವುದಿಲ್ಲ. ಕರಗುವ ಆಲಿಯೂ ಆರುವ ಹನಿಯೂ ಗಾಳಿಯನ್ನು ತಣ್ಣಗೆ ಮಾಡಿ ಕೆಳಕ್ಕೆ ದಬ್ಬುತ್ತವೆ. ನೆಲಕ್ಕೆ ಬಂದು ಹರಡುವ ಆ ತಣ್ಣನೆಯ ಬೀಸುಗಾಳಿ ಮೋಡದ ಬುಡಕ್ಕೆ ಹೋಗುತ್ತಿದ್ದ ಬಿಸಿಗಾಳಿಯನ್ನು ಕಡಿದುಹಾಕುತ್ತದೆ. ಹೊಸ ಅತಿಶೀತ ನೀರು ಸಿಗದೆ ಗ್ರಾಪೆಲ್ ಬೆಳೆಯುವುದು ನಿಲ್ಲುತ್ತದೆ, ಇದ್ದದ್ದು ಬಿದ್ದುಹೋಗುತ್ತದೆ. ಮೇಲೆ ಉಳಿಯುವುದು ಅಡ್ಡಕ್ಕೆ ಹರಡಿದ ಹಿಮಹರಳುಗಳ ಚಪ್ಪರ ಮತ್ತು ಅವು ಹೊತ್ತ ಧನ ಆವೇಶ. ಆ ಚಪ್ಪರದಿಂದ ಆಗೊಮ್ಮೆ ಈಗೊಮ್ಮೆ ನೆಲಕ್ಕಿಳಿಯುವ ಧನ ಸಿಡಿಲುಗಳು ಸಂಖ್ಯೆಯಲ್ಲಿ ಕಡಿಮೆಯಾದರೂ ಬಲದಲ್ಲಿ ಸಾಧಾರಣ ಸಿಡಿಲನ್ನು ಮೀರಿಸಬಲ್ಲವು, ಮಳೆ ಬೀಳುತ್ತಿರುವ ಜಾಗದಿಂದ ಹಲವಾರು ಕಿಲೋಮೀಟರ್ ಆಚೆ, ಬಿಸಿಲು ಬಂದ ನೆಲದ ಮೇಲೂ ಬಡಿಯಬಲ್ಲವು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆಯುವವರೆಗೂ ಹೊಲಕ್ಕೆ ಇಳಿಯಬಾರದು ಎಂದು ಹವಾಮಾನ ತಜ್ಞರು ಹೇಳುವುದು ಈ ಉಳಿದ ಹಿಮವನ್ನು ಲೆಕ್ಕಕ್ಕೆ ಹಿಡಿದು.